ಸುಬ್ಬರಾಯರ ಕೂಪಿನ ಮಂಗ

ಮಂಗ ಸತ್ತರೆ ಜೀಪು ಬರುತ್ತಿತ್ತು. ಬಿಳಿ ಜೀಪು. ಕೈಗೆ ರಬ್ಬರ್ ಗವಸು ತೊಟ್ಟವರು ಅದರಿಂದ ಇಳಿಯುತ್ತಿದ್ದರು. ಮಂಗನನ್ನು ಮೆಲ್ಲಗೆ ಎತ್ತಿ, ಮೇಣಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಲಗಿಸಿ ಸಾಗರಕ್ಕೆ ಕರೆದೊಯ್ಯುತ್ತಿದ್ದರು.

ಪುಟ್ಟಪ್ಪ ಸತ್ತಾಗ ಜೀಪು ಬರಲಿಲ್ಲ. ಅವನು ನಾಟಾ ಲಾರಿಯಲ್ಲಿ ಹೋದ. ದಿಮ್ಮಿಗಳ ಮೇಲೆ ಅವನನ್ನು ಹಗ್ಗ ಹಾಕಿ ಬಿಗಿದಿದ್ದರು. ತಿರುವಿನಲ್ಲಿ ಉರುಳಬಾರದಲ್ಲ.

"ನನ್ನ ಗಂಡ ಮಂಗ ಆಗಿ ಹುಟ್ಟಿದ್ರೆ ಜೀಪಲ್ಲಿ ಹೋಗ್ತಿದ್ದ" ಎಂದು ಅವನ ಹೆಂಡತಿ ಗುತ್ಯಮ್ಮ ಹೇಳುತ್ತಿದ್ದಳು. ಕೇಳಿದವರಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ. ಅವಳೇ ಮೊದಲು ನಗುತ್ತಿದ್ದಳು.

ಅವರು ಮೊದಲು ಕೂಪಿನ ಜನ, ಅಂದರೆ ಗುತ್ತಿಗೆಯ ಕಾಡಿನಲ್ಲಿ ಮರ ಕಡಿಯುವ ಜನ, ಆಗಿರಲಿಲ್ಲ. ಹೊನ್ನೆಮರಡಿನ ಆಚೆ ಶರಾವತಿ ದಂಡೆಯಲ್ಲಿ ಗೇಣಿಗೆ ಗದ್ದೆ ಮಾಡಿಕೊಂಡಿದ್ದರು. ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದಿತು. ಗದ್ದೆ ಮುಳುಗಿತು. ಪರಿಹಾರ ಗದ್ದೆಯ ಒಡೆಯರಿಗೆ ಹೋಯಿತು. ಗೇಯ್ದವರ ಪಾಲಿಗೆ ನೀರು ಬಂತು. ಪುಟ್ಟಪ್ಪ ನೊಗ ಹೊತ್ತು, ಗುತ್ಯಮ್ಮ ಪಾತ್ರೆ ಹೊತ್ತು, ಮಗಳು ಸರೋಜ ಕೋಳಿ ಹಿಡಿದು ಹೊಸನಗರದ ಕಡೆ ಬಂದರು. ನೊಗವನ್ನು ಯಾಕೆ ಹೊತ್ತು ತಂದರೋ ಅವರಿಗೇ ಗೊತ್ತಿಲ್ಲ. ಎತ್ತೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. ಮೊದಲ ಮಳೆಗಾಲದಲ್ಲೇ ಅದನ್ನು ಒಲೆಗಿಟ್ಟು ಗಂಜಿ ಕಾಯಿಸಿದರು.

ಕೂಪು ಸಾಗರದ ಸುಬ್ಬರಾಯರದು. ಅವರಿಗೆ ಪೇಟೆಯಲ್ಲಿ ಮರ ಕೊಯ್ಯುವ ಮಿಲ್ಲಿತ್ತು, ಲಾರಿಗಳಿದ್ದವು, ಎಲ್ಲ ಕಚೇರಿಯಲ್ಲೂ ಕೂರಲು ಕುರ್ಚಿಯಿತ್ತು. ಕಾಡಿನಲ್ಲಿ ಅವರ ಪರವಾಗಿ ರೈಟರ್ ಮಂಜುನಾಥಪ್ಪ ಇದ್ದ. ಗಂಡಸರು ಮರ ಕಡಿಯಬೇಕು. ಹೆಂಗಸರು ಕೊಂಬೆ ಸವರಬೇಕು, ತೊಗಟೆ ಸುಲಿಯಬೇಕು, ತುಂಡುಗಳನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತರಬೇಕು. ಹೆಗಲಿನ ಚರ್ಮ ಕಿತ್ತು, ಗಟ್ಟಿಯಾಗಿ, ಮತ್ತೆ ಕೀಳುತ್ತಿತ್ತು. ಸಂಜೆ ಬಿಡಾರದ ಮುಂದೆ ಕೂತು ಒಬ್ಬರ ಮೈಯಿಂದ ಒಬ್ಬರು ಉಣುಗು ಕೀಳುತ್ತಿದ್ದರು. ತೊಡೆ ಸಂದಿ, ಕಂಕುಳು, ಮೊಲೆಯ ಕೆಳಗೆ. ಎಳ್ಳಿನಷ್ಟು ಸಣ್ಣ ಹುಳ. ರಕ್ತ ಕುಡಿದರೆ ಅವರೆಕಾಳು. ಉಗುರಲ್ಲಿ ಕುಕ್ಕಿದರೆ ಚಟ್ ಎನ್ನುತ್ತಿತ್ತು. "ನಮ್ಮ ರಕ್ತ ಕುಡ್ಯಾಕೆ ಎಷ್ಟು ಜನಪ್ಪಾ!" ಎಂದು ಗುತ್ಯಮ್ಮ ಕುಕ್ಕುತ್ತಿದ್ದಳು.

ಬೇಸಗೆ ಶುರುವಾದಾಗ ಮಂಗಗಳು ಮರದಿಂದ ಉದುರಿದವು. ಹಿಂದೆಯೇ ಜನ ಮಲಗಿದರು. ಜ್ವರ, ಸಿಡಿಯುವ ತಲೆ, ಕೆಂಡದ ಕಣ್ಣು. ಪುಟ್ಟಪ್ಪನ ಮೂಗಿನಿಂದ ರಕ್ತ ಬಂತು. "ಹೆಂಡ ಜಾಸ್ತಿ ಆಗಿದೆ" ಎಂದ ರೈಟರ್. ಪುಟ್ಟಪ್ಪ ಹೆಂಡ ಮುಟ್ಟಿದವನೇ ಅಲ್ಲ. ಸತ್ತ ಮೇಲೆ ಅದನ್ನು ಹೇಳಿ ಏನು ಮಾಡುವುದು? ಗುತ್ಯಮ್ಮನೂ ಮಲಗಿದಳು. ಕೆರಿಯಮ್ಮ ಎಂಬ ಪಕ್ಕದ ಬಿಡಾರದ ಹೆಂಗಸು ಅವಳ ಬಾಯಿಗೆ ಗಂಜಿ ತಿಳಿ ಹನಿಸಿದಳು, ಉಚ್ಚೆ ಬಟ್ಟೆ ಒಗೆದಳು. ಗುತ್ಯಮ್ಮ ಎದ್ದಳು. ಕೂದಲು ಉದುರಿ ತಲೆ ಬೋಳು ಗುಡ್ಡದ ಹಾಗಾಗಿತ್ತು.

ಅವಳು ಎದ್ದ ಸುದ್ದಿ ಸಾಗರಕ್ಕೆ ಮುಟ್ಟಿತು. ಆಗ ಅವಳಿಗೂ ಜೀಪು ಬಂತು.

ಘಟ್ಟದ ಕೆಳಗಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಯವರು ಈ ಜ್ವರದ ಸಂಶೋಧನೆಗೆಂದೇ ಸಾಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಅದರ ದೊಡ್ಡ ಡಾಕ್ಟರು ನಾರಾಯಣಮೂರ್ತಿ. ಬಡಕಲು ಮನುಷ್ಯ, ಅಂಗಿಯ ಗುಂಡಿ ಮೇಲುಕೆಳಗೆ ಹಾಕಿಕೊಳ್ಳುವವರು. ಅವರ ಸುತ್ತ ಕಲಿಯುವ ಹುಡುಗರ ಹಿಂಡು. ಗುತ್ಯಮ್ಮನನ್ನು ಮೇಜಿನ ಮೇಲೆ ಮಲಗಿಸಿ ಹುಡುಗರು ಒಬ್ಬೊಬ್ಬರೇ ಅವಳ ಹೊಟ್ಟೆ ಒತ್ತಿ ನೋಡಿದರು. ಸೆರಗು ಸರಿಸುವ ಮೊದಲು ಯಾರೂ ಕೇಳಲಿಲ್ಲ. ಆಮೇಲೆ ತೋಳಿಗೆ ಸೂಜಿ.

"ನಿನ್ನ ರಕ್ತದಲ್ಲಿ ಒಂದು ಸೈನ್ಯ ಇದೆ ಗುತ್ಯಮ್ಮ" ಎಂದರು ಡಾಕ್ಟರು. "ಕಾಯಿಲೆ ಜೊತೆ ಹೊಡೆದಾಡಿ ಗೆದ್ದಿದೆ. ನಿನಗೆ ಇನ್ನು ಈ ಜ್ವರ ಬರೋದಿಲ್ಲ. ಆ ಸೈನ್ಯದ ಗುಟ್ಟು ತಿಳಿದರೆ ಲಸಿಕೆ ಮಾಡಬಹುದು."

ರಕ್ತ ಕೊಟ್ಟ ಮೇಲೆ ಒಂದು ಬನ್ನು, ಒಂದು ಲೋಟ ಕಾಫಿ ಬಂತು.

"ಇಷ್ಟು ದೊಡ್ಡ ಸೈನ್ಯಕ್ಕೆ ಒಂದೇ ಬನ್ನಾ ಡಾಕ್ಟ್ರೇ?"

ಡಾಕ್ಟರು ನಕ್ಕು ಇನ್ನೊಂದು ತರಿಸಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬಯ್ಯುವುದು ಸುಲಭವಾಗುತ್ತಿತ್ತು. ಬೇಕಾದಾಗೆಲ್ಲ ಜೀಪು ಕಳಿಸಿದರು, ಅವಳೂ ಹೋಗಿ ತೋಳು ಚಾಚಿದಳು. ಬದುಕಿ ಉಳಿದ ಇನ್ನೂ ಕೆಲವರು ಚಾಚಿದರು. ತೆಗೆದ ರಕ್ತ ಇಡಲು ಅಲ್ಲಿ ಜಾಗ ಸಾಲದಾಯಿತು.

ಆಗ ಸುಬ್ಬರಾಯರು ದಾನಿಗಳಾದರು. ತಾಯಿ ವರದಮ್ಮನವರ ಹೆಸರಿನಲ್ಲಿ ಆಸ್ಪತ್ರೆಗೆ ಸಾಗರದಲ್ಲೇ ಒಂದು ಸಂಶೋಧನಾಲಯ. ಮಂಗಳೂರು ಹೆಂಚಿನ ಕಟ್ಟಡ, ತಂಪು ಪೆಟ್ಟಿಗೆಗಳು, ಪರದೇಶದ ಸೂಕ್ಷ್ಮದರ್ಶಕ, ಬಿಳಿ ಇಲಿಗಳಿಗೆ ಜಾಲರಿಯ ಮನೆ. ವರದಮ್ಮನವರು ಜ್ವರದಿಂದ ಸತ್ತವರಲ್ಲ. ತುಂಬು ಮುಪ್ಪಿನಲ್ಲಿ, ಹೋಳಿಗೆ ಊಟ ಮುಗಿಸಿ, ಮಲಗಿದಲ್ಲೇ ಹೋದವರು. ಅವರ ದೊಡ್ಡ ಫೋಟೋ ಬಾಗಿಲ ಮೇಲೆ ಬಂತು. ಪುಟ್ಟಪ್ಪನ ಫೋಟೋ ಯಾರೂ ತೆಗೆದಿರಲಿಲ್ಲ. ತೆಗೆದಿದ್ದರೂ ಯಾವ ಬಾಗಿಲಿಗೆ ಹಾಕುವುದು?

ಕಟ್ಟಡಕ್ಕೆ ಸುಣ್ಣ ಬಳಿಯುವ ಹೊತ್ತಿಗೆ ಮತ್ತೆ ಬೇಸಗೆ ಬಂತು. ಕೂಪಿನಲ್ಲಿ ಮತ್ತೆ ಮಂಗ ಬಿದ್ದವು. ಈ ಸಲ ಅವಕ್ಕೆ ಜೀಪು ಬರಲಿಲ್ಲ. ಯಾಕೆಂದರೆ ಯಾರೂ ಸುದ್ದಿ ಕೊಡಲಿಲ್ಲ. ಮಂಗ ಬಿದ್ದಲ್ಲಿಗೆ ರೈಟರ್ ಸೀಮೆಎಣ್ಣೆ ಡಬ್ಬಿ ಕಳಿಸುತ್ತಿದ್ದ. "ಸುಟ್ಟು ಹಾಕಿ. ಬಾಯಿ ಬಿಟ್ರೆ ಬಿಡಾರ ಖಾಲಿ ಮಾಡಿ." ಸತ್ತ ಮಂಗನ ಮೈಯ ಉಣುಗು ಜನರಿಗೆ ಹತ್ತಿ ಜ್ವರ ತರುತ್ತದೆ, ಮಂಗ ಸತ್ತ ಕಾಡಿಗೆ ಜನರನ್ನು ಬಿಡಬಾರದೆಂದು ಡಾಕ್ಟರ ಮಾತಿತ್ತು. ಅವರು ಬರೆದುಕೊಟ್ಟರೆ ಸರ್ಕಾರ ಕೂಪು ನಿಲ್ಲಿಸುತ್ತಿತ್ತು. ನಿಲ್ಲಿಸಿದರೆ ಮಳೆ ಬರುವ ಮೊದಲು ನಾಟಾ ಇಳಿಯುತ್ತಿರಲಿಲ್ಲ.

ಕೆರಿಯಮ್ಮ ಮಲಗಿದಳು. ಕೆಂಡದ ಕಣ್ಣು.

ಅವಳ ಬಾಯಿಗೆ ಗಂಜಿ ತಿಳಿ ಹನಿಸುತ್ತ ಗುತ್ಯಮ್ಮ ಮಗಳ ಕಡೆ ನೋಡಿದಳು. ಸರೋಜ ಕತ್ತಿ ಹಿಡಿದು ಕೊಂಬೆ ಸವರಲು ಹೊರಟಿದ್ದಳು. ಸರೋಜಳ ರಕ್ತದಲ್ಲಿ ಯಾವ ಸೈನ್ಯವೂ ಇರಲಿಲ್ಲ.

"ಇವತ್ತು ಹೋಗ್ಬೇಡ."

"ಹೋಗ್ದಿದ್ರೆ ರೈಟ್ರು ಬಿಡಾರ ಕೀಳ್ತಾರೆ ಅವ್ವ."

ಅದೂ ನಿಜ. ಸರೋಜ ಹೋದಳು. ಸಂಜೆ ಬಂದ ಮಗಳನ್ನು ಬತ್ತಲೆ ನಿಲ್ಲಿಸಿ ಗುತ್ಯಮ್ಮ ಮೈಯೆಲ್ಲ ತಡಕಿದಳು. ನಾಚಿಕೆಗೆ ಹುಡುಗಿ ಅತ್ತಳು.

ಮರುದಿನ ರಕ್ತ ಕೊಡಲು ಹೋದಾಗ ಗುತ್ಯಮ್ಮ ಡಾಕ್ಟರಿಗೆ ಎಲ್ಲ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

"ಸುಬ್ಬರಾಯರನ್ನು ಮೊನ್ನೆಯೇ ಕೇಳಿದ್ದೆ. ಅವರ ಕೂಪಲ್ಲಿ ಒಂದೂ ಸತ್ತಿಲ್ಲ ಅಂತಾರೆ."

"ಸುಟ್ಟು ಬೂದಿ ಮಾಡಿದಾರೆ ಡಾಕ್ಟ್ರೇ."

"ಬೂದಿ ಇಟ್ಕೊಂಡು ನಾನೇನು ಪರೀಕ್ಷೆ ಮಾಡ್ಲಿ? ಹೆಣ ಬೇಕು. ಮಂಗನ ಹೆಣ."

"ಕೆರಿಯಮ್ಮ ಮಲಗಿದಾಳೆ. ಅವಳ ಹೆಣ ಆದ್ರೆ ಆಗ್ತದಾ?"

ಡಾಕ್ಟರು ತಲೆ ತಗ್ಗಿಸಿದರು. "ಕೆರಿಯಮ್ಮಂಗೆ ಔಷಧ ಕಳಿಸ್ತೀನಿ. ಬಾಕಿದ್ದಕ್ಕೆ ಉದ್ಘಾಟನೆ ಮುಗೀಲಿ ಗುತ್ಯಮ್ಮ. ಆಮೇಲೆ ನೋಡೋಣ. ಈಗ ಅವರಿಗೆ ಸಿಟ್ಟು ಬಂದ್ರೆ ಇಷ್ಟು ದೊಡ್ಡ ಕೆಲಸ ನಿಂತು ಹೋಗ್ತದೆ."

ಗುತ್ಯಮ್ಮ ಅಂದು ಬನ್ನು ತಿನ್ನಲಿಲ್ಲ.

ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ವೇದಿಕೆ ಮೇಲೆ ಒಬ್ಬ ರೋಗಿ ಬೇಕಿತ್ತು, ಗುಣವಾದ ರೋಗಿ. ಗುತ್ಯಮ್ಮನೇ ಆಗಬಹುದೆಂದು ತೀರ್ಮಾನವಾಯಿತು. ಅವಳ ಕೂದಲು ಅಷ್ಟರಲ್ಲಿ ತಕ್ಕಮಟ್ಟಿಗೆ ಬೆಳೆದಿತ್ತು. ರೈಟರ್ ಮಂಜುನಾಥಪ್ಪ ಹೊಸ ಸೀರೆ ತಂದುಕೊಟ್ಟು ಪಾಠ ಹೇಳಿಕೊಟ್ಟ.

"ಏ ಗುತ್ಯಮ್ಮ, ಮೈಕಿನ ಮುಂದೆ ನಿಂತು ಹೇಳು. 'ದಾನಿಗಳ ದಯೆಯಿಂದ ನಾನು ಬದುಕಿದೆ.' ಆಮೇಲೆ ಯಜಮಾನ್ರ ಕಾಲಿಗೆ ಬೀಳು. ಇಷ್ಟೇ."

"ನಾ ಬದುಕಿದ್ದು ಹೋದ ವರ್ಷ. ಕಟ್ಟಡ ಆಗಿದ್ದು ಈಗ."

"ಅದೆಲ್ಲ ವಿವರ ಬೇಡ."

"ನನ್ನ ಬದುಕ್ಸಿದ್ದು ಕೆರಿಯಮ್ಮನ ಗಂಜಿ."

"ಗಂಜಿಗೆ ಫೋಟೋ ತೆಗೀತಾರಾ? ಹೇಳಿದಷ್ಟು ಹೇಳೇ ಮಾರಾಯ್ತಿ. ಬೀಳುವಾಗ ನಿಧಾನ ಬೀಳು. ಫೋಟೋದವ್ರಿಗೆ ಸಿಗಬೇಕು."

ಬಿಡಾರದ ಅಂಗಳದಲ್ಲೇ ರೈಟರ್ ಸುಬ್ಬರಾಯರ ಹಾಗೆ ನಿಂತ. ಗುತ್ಯಮ್ಮ ಬಿದ್ದು ತೋರಿಸಬೇಕಾಯಿತು. ಒಮ್ಮೆ ಬಿದ್ದದ್ದು ಸರಿಯಾಗಲಿಲ್ಲ, ತಿರುಗಿ ಬೀಳಿಸಿದ. ಅವನ ಕಾಲಿನ ಬೆರಳ ಸಂದಿಯಲ್ಲಿ ಹುಣ್ಣಿತ್ತು. ಸರೋಜ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗುತ್ಯಮ್ಮ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡಳು. ಮಗಳ ಮುಖ ನೋಡಿದಳು. ಇನ್ನು ಯಾರ ಕಾಲಿಗೂ ಬೀಳುವುದಿಲ್ಲ ಎಂದು ಅವಳು ಗಟ್ಟಿ ಮಾಡಿಕೊಂಡದ್ದು ಆಗ.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ಹಳ್ಳದ ದಾರಿಯಲ್ಲಿ, ಮತ್ತಿ ಮರದ ಬುಡದಲ್ಲಿ ಒಂದು ಮಂಗ ಬಿದ್ದಿತ್ತು. ಕರಿ ಮೋರೆ, ಉದ್ದ ಬಾಲ. ನೀರಿಗೆ ಹೊರಟಿದ್ದ ಹೆಂಗಸರು ದೂರವೇ ನಿಂತರು. "ಯಾರೂ ಮುಟ್ಬೇಡಿ, ಹತ್ರ ಬರ್ಬೇಡಿ" ಎಂದಳು ಗುತ್ಯಮ್ಮ. "ನಂಗೆ ಬಂದು ಹೋಗಿದೆ. ಮತ್ತೆ ಬರಾದಿಲ್ಲ ಅಂತ ಡಾಕ್ಟ್ರೇ ಹೇಳಿದಾರೆ." ಉಣುಗು ಹರಿಯದಿರಲೆಂದು ಒಲೆಯ ಬೂದಿ ತಂದು ಮಂಗನ ಮೈಮೇಲೆ ಸುರಿದಳು. ಗೊಬ್ಬರದ ಚೀಲದೊಳಗೆ ತುಂಬಿದಳು. ಆ ಚೀಲವನ್ನು ಇನ್ನೊಂದು ಚೀಲದೊಳಗೆ ಇಟ್ಟು ಬಾಯಿ ಬಿಗಿದಳು. ಸೀಮೆಎಣ್ಣೆ ಡಬ್ಬಿಯವರು ಬರುವಷ್ಟರಲ್ಲಿ ಮರದ ಬುಡದಲ್ಲಿ ಏನೂ ಇರಲಿಲ್ಲ.

ಚಪ್ಪಾಳೆ ತಟ್ಟಲು ಜನ ಬೇಕೆಂದು ಸುಬ್ಬರಾಯರು ಕೂಪಿಗೆ ಲಾರಿ ಕಳಿಸಿದ್ದರು. ಕೂಲಿಗಳೆಲ್ಲ ಹತ್ತಿದರು. ಗುತ್ಯಮ್ಮ ಹೊಸ ಸೀರೆ ಉಟ್ಟು, ಚೀಲ ಹಿಡಿದು, ಹಿಂಬದಿಯ ಮೂಲೆಯಲ್ಲಿ ಒಬ್ಬಳೇ ಕೂತಳು.

"ಎಂಥದು ಅದು, ಈ ನಮೂನಿ ವಾಸ್ನೆ?" ಡ್ರೈವರ್ ಮೂಗು ಮುಚ್ಚಿಕೊಂಡ.

"ಒಣಮೀನು. ಪ್ಯಾಟೇಲಿ ಕೊಡಾದು."

ಡ್ರೈವರ್ ಮೀನು ತಿನ್ನದವನು. "ರಾಮ ರಾಮ" ಎಂದು ಮುಂದೆ ಹೋದ. ಹೀಗೆ ಸುಬ್ಬರಾಯರ ಮಂಗ ಸುಬ್ಬರಾಯರ ಲಾರಿಯಲ್ಲೇ ಸಾಗರಕ್ಕೆ ಬಂತು.

ಚಪ್ಪರ ತುಂಬಿತ್ತು. ಹೊಸ ಕಟ್ಟಡದ ಬಾಗಿಲಿಗೆ ಕೆಂಪು ಟೇಪು ಕಟ್ಟಿತ್ತು. ವೇದಿಕೆ ಮೇಲೆ ಮಂತ್ರಿಗಳು, ಸುಬ್ಬರಾಯರು, ಡಾಕ್ಟರು, ಕೊನೆಯಲ್ಲಿ ಒಂದು ಸ್ಟೂಲಿನ ಮೇಲೆ ಗುತ್ಯಮ್ಮ. ಚೀಲವನ್ನು ಮೆಟ್ಟಿಲ ಪಕ್ಕ ಇಟ್ಟಿದ್ದಳು. ಹಾರದ ಬುಟ್ಟಿಗಳ ಸಾಲಿನಲ್ಲಿ ಅದೂ ಒಂದಾಯಿತು. ಊದುಬತ್ತಿ ಹೊಗೆ ದಟ್ಟವಾಗಿತ್ತು. ಮುಂದಿನ ಸಾಲಿನವರು ಮಾತ್ರ ಪದೇ ಪದೇ ಮೂಗು ಉಜ್ಜಿಕೊಂಡರು.

ಮಂತ್ರಿಗಳು ಸುಬ್ಬರಾಯರನ್ನು ಹೊಗಳಿದರು. ಸುಬ್ಬರಾಯರು ಮಂತ್ರಿಗಳನ್ನು ಹೊಗಳಿದರು. ಇಬ್ಬರೂ ಸೇರಿ ವರದಮ್ಮನವರನ್ನು ಹೊಗಳಿದರು. ಡಾಕ್ಟರು ತಂಪು ಪೆಟ್ಟಿಗೆಯನ್ನು ಹೊಗಳಿದರು. ಕೂಲಿಗಳು ರೈಟರ್ ಕೈ ಎತ್ತಿದಾಗೆಲ್ಲ ಚಪ್ಪಾಳೆ ತಟ್ಟಿದರು.

ಗುತ್ಯಮ್ಮನ ಹೆಸರು ಕರೆದರು. ಅವಳು ಮೈಕಿನ ಬದಲು ಮೆಟ್ಟಿಲ ಕಡೆ ಹೋದಳು. ಚೀಲ ಎತ್ತಿಕೊಂಡು ಬಂದು ಮೈಕಿನ ಮುಂದೆ ನಿಂತಳು.

"ಒಡೇರು ಮನೆ ಕಟ್ಸಿದಾರೆ" ಎಂದಳು. ಅವಳ ದನಿ ಚಪ್ಪರದ ಕೊನೆಯವರೆಗೂ ಹೋಗಿ ಅವಳಿಗೇ ತಿರುಗಿ ಕೇಳಿಸಿತು. "ಬಾರೀ ಚಂದ ಮನೆ. ಮನೆ ಒಕ್ಕಲಿಗೆ ಬರಿಗೈಲಿ ಬರಬಾರ್ದಲ್ಲ. ನಾನೂ ಒಂದು ದಾನ ತಂದಿದೀನಿ."

ಜನ ನಕ್ಕರು. ಮಂತ್ರಿಗಳೂ ನಕ್ಕರು. ಫೋಟೋದವನು ಮುಂದೆ ಬಂದ. ಗುತ್ಯಮ್ಮ ಚೀಲವನ್ನು ಮೇಜಿನ ಮೇಲೆ, ಹಾರಗಳ ನಡುವೆ ಇಟ್ಟಳು.

"ಏನಮ್ಮ ಅದು, ಗೆಣಸಾ?" ಎಂದು ಮಂತ್ರಿಗಳು ಬಗ್ಗಿದರು.

"ಮಂಗ. ಸುಬ್ಬರಾಯ್ರ ಕೂಪಿಂದು. ನಿನ್ನೆ ಸತ್ತಿದ್ದು."

ಕುರ್ಚಿಗಳು ಉರುಳಿದವು. ಮುಂದಿನ ಸಾಲಿನ ಗಣ್ಯರು ಹಿಂದಿನ ಸಾಲಿನ ಗಣ್ಯರ ಮೇಲೆ ಹತ್ತಿದರು. ಒಬ್ಬರು "ಉಣುಗು! ಉಣುಗು!" ಎಂದು ಪಂಚೆ ಕೊಡವುತ್ತ ಕುಣಿದರು. ಇನ್ನೊಬ್ಬರು ಹನುಮಂತ ದೇವರೆಂದು ಕೈ ಮುಗಿದರು, ಮುಗಿದ ಕೈಯಲ್ಲೇ ಓಡಿದರು. ಮಂತ್ರಿಗಳು ಕಾರು ಸೇರಿದಾಗ ಅವರ ಒಂದು ಚಪ್ಪಲಿ ವೇದಿಕೆ ಮೇಲೇ ಇತ್ತು.

ಕೂಲಿಗಳು ಮಾತ್ರ ಕದಲಲಿಲ್ಲ. ಅವರು ದಿನವೂ ಅದರ ನಡುವೆಯೇ ಇರುವವರು.

"ಚೀಲ ಬಿಚ್ಚಬೇಡ ಗುತ್ಯಮ್ಮ!" ಡಾಕ್ಟರು ಎರಡೂ ಕೈ ಅಡ್ಡ ಚಾಚಿದರು.

"ಬಿಚ್ಚಾದು ನಿಮ್ಮ ಕೆಲ್ಸ. ಹೆಣ ಬೇಕು ಅಂದ್ರಲ್ಲ, ತಂದಿದೀನಿ. ನೋಡಿ ಬರೀರಿ."

ಸುಬ್ಬರಾಯರು ವೇದಿಕೆಯ ಅಂಚಿನಲ್ಲಿ ಕಂಬ ಹಿಡಿದು ನಿಂತಿದ್ದರು. ಓಡಿದರೆ ಮರ್ಯಾದೆ ಹೋಗುತ್ತಿತ್ತು, ನಿಂತರೆ ಜೀವ. "ಇದು ನನ್ನ ಕೂಪಿನ ಮಂಗ ಅನ್ನೋದಕ್ಕೆ ಏನು ಗ್ಯಾರಂಟಿ? ಎಲ್ಲಿಂದಲೋ ಹೊತ್ತು ತಂದಿದಾಳೆ ಹಾಳು ಹೆಂಗಸು!"

"ನಿಮ್ಮ ದಿಮ್ಮಿಗೆ ಹೊಡ್ದಂಗೆ ಮಂಗನ ಕುಂಡಿಗೆ ಸುತ್ತಿಗೆ ಮುದ್ರೆ ಹೊಡ್ದಿಲ್ಲ ಒಡೇರೆ. ಅದೊಂದು ತಪ್ಪಾಗಿದೆ" ಎಂದಳು ಗುತ್ಯಮ್ಮ.

ಯಾರೋ ಕಿಸಕ್ಕೆಂದು ನಕ್ಕರು. ಕೆರಿಯಮ್ಮನ ಗಂಡ ನಾಗರಾಜಪ್ಪ ಕೂಲಿಗಳ ನಡುವಿನಿಂದ ಎದ್ದ. ಅವನು ಮಾತು ಕಡಿಮೆಯ ಮನುಷ್ಯ.

"ನಮ್ಮ ಕೂಪಿಂದೇ. ಇದಕ್ಕೆ ಮುಂಚೆ ಬಿದ್ದಿದ್ದನ್ನೆಲ್ಲ ಸುಟ್ಟಿದ್ದು ನಾನೇ. ರೈಟ್ರು ಎಣ್ಣೆ ಕೊಟ್ರು, ನಾ ಸುಟ್ಟೆ. ಈಗ ನನ್ನ ಹೆಂಡ್ತಿ ಮಲಗಿದಾಳೆ."

"ಕೂತ್ಕೊಳ್ಳೋ!" ಎಂದ ಮಂಜುನಾಥಪ್ಪ. ನಾಗರಾಜಪ್ಪ ಕೂರಲಿಲ್ಲ. ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಹೆಂಗಸರು. ಎದ್ದು ನಿಂತರು, ಅಷ್ಟೇ.

ಗುತ್ಯಮ್ಮ ಡಾಕ್ಟರ ಮುಂದೆ ಹೋಗಿ ರವಿಕೆಯ ತೋಳು ಮೇಲೆ ಸರಿಸಿದಳು. ಮೊಣಕೈಯ ಒಳಗೆ ಸೂಜಿಯ ಕಪ್ಪು ಕಲೆಗಳಿದ್ದವು.

"ಒಡೇರು ಪೆಟ್ಟಿಗೆ ಕೊಟ್ರು. ಪೆಟ್ಟಿಗೆ ಒಳಗೆ ಇಡಾದು ನಮ್ಮ ರಕ್ತ. ಅವರ ಸಿಟ್ಟಿಗೆ ಹೆದರ್ತೀರಿ, ನಮಗೆ ಸಿಟ್ಟೇ ಬರಾದಿಲ್ವಾ? ನೀವು ಬರ್ದು ಕೂಪು ನಿಲ್ಸಲಿಲ್ಲ ಅಂದ್ರೆ ಈ ತೋಳು ಇನ್ನು ನಿಮಗಿಲ್ಲ. ಇವರ್ಯಾರ ತೋಳೂ ಇಲ್ಲ. ಖಾಲಿ ಪೆಟ್ಟಿಗೆ ಪೂಜೆ ಮಾಡ್ಕಂಡು ಕೂತ್ಕಳಿ."

ಡಾಕ್ಟರು ಸುಬ್ಬರಾಯರ ಕಡೆ ನೋಡಿದರು. ತೋಳಿನ ಕಡೆ ನೋಡಿದರು. ಬಾಗಿಲ ಮೇಲಿದ್ದ ವರದಮ್ಮನವರ ಕಡೆಯೂ ನೋಡಿದರು; ಆಕೆ ಊಟ ಮುಗಿಸಿದವರ ಹಾಗೆ ನಗುತ್ತಿದ್ದರು. ಕೊನೆಗೆ ಡಾಕ್ಟರು ಕೈಗೆ ರಬ್ಬರ್ ಗವಸು ತರಿಸಿ ಹಾಕಿಕೊಂಡರು. ಮಂಗನ ಚೀಲವನ್ನು ತಾವೇ ಎತ್ತಿದರು. ಬಾಗಿಲ ಟೇಪು ಇನ್ನೂ ಕತ್ತರಿಸಿರಲಿಲ್ಲ. ಕತ್ತರಿಸಬೇಕಾದವರು ಒಂದೇ ಚಪ್ಪಲಿಯಲ್ಲಿ ಹೋಗಿದ್ದರು. ಡಾಕ್ಟರು ಟೇಪಿನ ಕೆಳಗೆ ಬಗ್ಗಿ ಒಳಗೆ ಹೋದರು.

"ಡಾಕ್ಟ್ರೇ, ಇದು ನಾನು ಕಟ್ಟಿಸಿದ ಕಟ್ಟಡ!" ಎಂದು ಸುಬ್ಬರಾಯರು ಕೂಗಿದರು.

"ಹೌದು. ಅದಕ್ಕೇ ಇಲ್ಲಿ ಬೇಗ ಗೊತ್ತಾಗ್ತದೆ" ಎಂಬ ಮಾತು ಒಳಗಿನಿಂದ ಬಂತು.

ಅದೇ ದಿನ ಜೀಪು ಕೂಪಿಗೆ ಹೋಗಿ ಕೆರಿಯಮ್ಮನನ್ನು ಕರೆತಂತು.

ಮಂಗನ ಅಂಗದ ರಸ ಚುಚ್ಚಿದ ಬಿಳಿ ಇಲಿಗಳು ಒಂದೊಂದಾಗಿ ಸತ್ತವು. ಮಂಗನನ್ನು ಕೊಂದದ್ದು ಅದೇ ಜ್ವರ. ಡಾಕ್ಟರು ಬರೆದರು. ಕೂಪು ನಿಂತಿತು. ಪತ್ರಿಕೆಯವರು 'ದಾನಿಗಳ ನೆರವಿನ ಹೊಸ ಸಂಶೋಧನಾಲಯ ಶುರುವಾದ ಕೂಡಲೇ ಮಹತ್ವದ ಫಲಿತಾಂಶ' ಎಂದು ಬರೆದು ಸುಬ್ಬರಾಯರ ಫೋಟೋ ಹಾಕಿದರು. ಅಭಿನಂದನೆ ಹೇಳಲು ಬಂದವರಿಗೆಲ್ಲ ಅವರು ಕಾಫಿ ಕೊಡಬೇಕಾಯಿತು. ಸಿಟ್ಟನ್ನು ಬಿಡಾರಗಳ ಮೇಲೆ ತೀರಿಸಿಕೊಂಡರು. ರೈಟರ್ ಜನ ಕರೆತಂದು ಸೋಗೆ ಕಿತ್ತು, ಗಳ ಮುರಿದು, ಒಲೆಗಳನ್ನು ಒದ್ದ. ಹೋಗುವಾಗ ಸಮಾರಂಭದ ಸೀರೆ ವಾಪಸ್ ಕೊಡೆಂದ.

"ತಗಳಿ" ಎಂದು ಗುತ್ಯಮ್ಮ ಸೀರೆ ಚಾಚಿದಳು. "ಮಂಗನ್ನ ಹೊತ್ತಿದ್ದು ಇದ್ರಾಗೇ. ಒಗ್ದಿಲ್ಲ."

ಮಂಜುನಾಥಪ್ಪ ಕೈ ಹಿಂದೆಗೆದುಕೊಂಡು ನಡೆದ.

ಅವಳು ನಕ್ಕಳೇನೋ ಹೌದು. ಆದರೆ ಆ ಮಳೆಗಾಲ ನಗುವಂಥದ್ದಾಗಿರಲಿಲ್ಲ. ರಿಪ್ಪನ್‌ಪೇಟೆಯ ಹೊರಗೆ ರಸ್ತೆ ಬದಿಯಲ್ಲಿ ಮತ್ತೆ ಸೋಗೆ ಹೊದಿಸಿಕೊಂಡರು. ಸುಬ್ಬರಾಯರ ಮಾತು ಕೇಳುವ ಯಾವ ಕಂತ್ರಾಟುದಾರನೂ ಅವರಿಗೆ ಕೆಲಸ ಕೊಡಲಿಲ್ಲ. ಜಲ್ಲಿ ಒಡೆದರು. ಕಳಲೆ, ಕೆಸುವು ತಿಂದರು. ಕೆರಿಯಮ್ಮ ಬದುಕಿ ಬಂದಳು, ಆದರೆ ಕೈ ನಡುಗುತ್ತಿತ್ತು. ಲೋಟ ಹಿಡಿದರೆ ಅರ್ಧ ನೀರು ಎದೆ ಮೇಲೆ. "ನಂಗೆ ಸ್ನಾನ, ನೀರು ಕುಡ್ಯಾದು ಎಲ್ಲ ಒಟ್ಟಿಗೆ ಆಗ್ತದೆ" ಎನ್ನುತ್ತಿದ್ದಳು. ಡಾಕ್ಟರು ಜೀಪಿನಲ್ಲಿ ಬಂದರು. ಅವರು ಮಾತಾಡುವ ಮೊದಲೇ ಗುತ್ಯಮ್ಮ ತೋಳು ಚಾಚಿದಳು. ಮಾತು ಮಾತೇ. ಆದರೆ ಮೇಜಿನ ಮೇಲೆ ಮಲಗಲು ಒಪ್ಪಲಿಲ್ಲ; ತನ್ನ ಬಾಗಿಲಲ್ಲೇ, ಕೂತೇ ಕೊಟ್ಟಳು. ಕಲಿಯುವ ಹುಡುಗರು ಕೇಳದೆ ಸೆರಗು ಮುಟ್ಟುವುದಿಲ್ಲವೆಂದು ಡಾಕ್ಟರಿಂದ ಮಾತು ತೆಗೆದುಕೊಂಡಳು.

ಮಳೆ ಕಳೆದು ಚಳಿ ಬಿದ್ದಾಗ ತೀರ್ಥಹಳ್ಳಿ ಕಡೆಯ ಒಬ್ಬ ಕಂತ್ರಾಟುದಾರ ಸೀತಾರಾಮಪ್ಪ ಮಂಡಗದ್ದೆ ಕಾಡಿನ ಕೂಪಿಗೆ ಆಳು ಹುಡುಕಿಕೊಂಡು ರಿಪ್ಪನ್‌ಪೇಟೆಗೆ ಬಂದ. ಅವನಿಗೆ ಸುಬ್ಬರಾಯರ ಹಂಗಿರಲಿಲ್ಲ. ಡ್ರೈವರಿಗೆ ಲಾರಿ ನಿಲ್ಲಿಸಲು ಹೇಳಿ, ಎಂಜಿನ್ ಓಡುತ್ತಿರುವಂತೆಯೇ ಕೆಳಗಿಳಿದ.

"ಹತ್ತಿ ಹತ್ತಿ. ಇವತ್ತೇ ಕೆಲ್ಸ ಶುರು."

ಕೊಡಲಿ, ಕತ್ತಿ ಹಿಡಿದು ಎಲ್ಲರೂ ಬಂದಿದ್ದರು. ಯಾರೂ ಹತ್ತಲಿಲ್ಲ.

"ಮೊದ್ಲು ನಾವು, ಜ್ವರ ಬಂದು ಉಳ್ದವ್ರು, ಕಾಡು ಸುತ್ತಿ ಬರ್ತೀವಿ" ಎಂದಳು ಗುತ್ಯಮ್ಮ. "ಮಂಗ ಸತ್ತಿಲ್ಲ ಅಂದ್ರೆ ಕೊಡ್ಲಿ ಎತ್ತಾದು. ಮಧ್ಯದಲ್ಲಿ ಸತ್ರೆ ಆ ದಿನವೇ ಇಳ್ಯಾದು. ಯಾರೂ ಬಿಡಾರ ಮುಟ್ಟಬಾರ್ದು."

"ಇದೆಲ್ಲ ಹೇಳಾಕೆ ನೀನೇನು ಡಾಕ್ಟ್ರಾ?"

"ಅಲ್ಲ. ಸಾಯಾದು ನಾವು. ಅದಕ್ಕೇ ಹೇಳ್ತಿದೀನಿ."

"ಬೇರೆ ಜನ ಸಿಗ್ತಾರೆ ನಂಗೆ" ಎಂದು ಸೀತಾರಾಮಪ್ಪ ಸುತ್ತ ನೋಡಿದ. ಪೇಟೆಯ ಆಳುಗಳು ಅಲ್ಲೇ ಅಂಗಡಿ ಜಗಲಿಯ ಮೇಲೆ ಕೂತಿದ್ದರು. ಅವರೂ ಕೇಳಿಸಿಕೊಂಡಿದ್ದರು. ಒಬ್ಬ ಬೀಡಿ ಹಚ್ಚಿದ. ಇನ್ನೊಬ್ಬ ಕಾಲು ಮಡಚಿ ಆರಾಮಾಗಿ ಕೂತ. ನಾಗರಾಜಪ್ಪ ಕೊಡಲಿಯನ್ನು ನೆಲಕ್ಕೆ ಊರಿ ಅದರ ಮೇಲೆ ಗದ್ದ ಇಟ್ಟ. ಸರೋಜ ಅವ್ವನ ಪಕ್ಕ ಬಂದು ನಿಂತಳು.

ಲಾರಿ ಗುರುಗುಟ್ಟುತ್ತಲೇ ಇತ್ತು, ಹೊಗೆ ಬಿಡುತ್ತ. ಸೀತಾರಾಮಪ್ಪ ಒಮ್ಮೆ ಹತ್ತಿ ಕೂತ. ಮತ್ತೆ ಇಳಿದ. ಯಾರೂ ಅವನ ಮುಖ ನೋಡಲಿಲ್ಲ. ಕೊನೆಗೆ ಅವನು ಡ್ರೈವರಿಗೆ ಕೈ ಸನ್ನೆ ಮಾಡಿದ.

ಡ್ರೈವರ್ ಎಂಜಿನ್ ಬಂದ್ ಮಾಡಿದ.